ಕಲ್ಲಿನ ವಯಸ್ಸನ್ನು ಏಕೆ ನಂಬಬೇಕು?

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಅಲ್ಲಿನ ಫಲಕ ಹೇಳುತ್ತದೆ. ವಿಜ್ಞಾನಿಗಳು ಹೇಳಿದ ಮೇಲೆ ಸರಿಯೇ ಇರಬೇಕು ಎಂದು ಕೆಲವರು ಮುಂದೆ ಹೋಗುತ್ತಾರೆ. ಅಷ್ಟು ಹಿಂದೆ ನೋಡಿಕೊಂಡು ಬಂದವರು ಯಾರು ಎಂದು ಇನ್ನು ಕೆಲವರು ಕೇಳುತ್ತಾರೆ. ಈ ಎರಡನೆಯವರ ಪ್ರಶ್ನೆಗೆ ಹೆಚ್ಚು ಬೆಲೆಯಿದೆ. ಕಂಡವರಿಲ್ಲದ ಘಟನೆಗೆ ಕಾಲ ಗೊತ್ತುಮಾಡುವುದು ಹೇಗೆ? ಪ್ರಯೋಗಾಲಯದ ದುಬಾರಿ ಯಂತ್ರ ಒಂದು ಸಂಖ್ಯೆ ಕೊಟ್ಟಿತು ಎಂದರೆ ಅದು ಉತ್ತರವಾಗಲಾರದು. ಯಂತ್ರದ ಲೆಕ್ಕ ತಪ್ಪಬಹುದು, ತಪ್ಪಿದ್ದೂ ಇದೆ. ಕಲ್ಲಿನ ವಯಸ್ಸನ್ನು ಒಪ್ಪಲು ಇರುವ ಗಟ್ಟಿ ಕಾರಣ ಬೇರೆ. ಒಂದಕ್ಕೊಂದು ನಂಟಿಲ್ಲದ ಹಲವು ಲೆಕ್ಕಗಳು ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ. ಸೇರದೇ ಹೋದಾಗ ತಪ್ಪು ಎಲ್ಲಾಗಿದೆ ಎಂದು ಪತ್ತೆಹಚ್ಚುವ ದಾರಿಯನ್ನೂ ಅವೇ ತೋರಿಸುತ್ತವೆ. ಈ ಮಾತನ್ನು ಆಧಾರಗಳ ಮೇಲೆ ಪರೀಕ್ಷಿಸಿ ನೋಡುವುದು ನ್ಯಾಯ.

ವರ್ಷಗಳ ಲೆಕ್ಕ ಬರುವುದಕ್ಕೆ ಬಹಳ ಮೊದಲೇ ಹಿಂದು ಮುಂದಿನ ಲೆಕ್ಕ ಬಂದಿತ್ತು. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ 1669ರಲ್ಲಿ ಹೇಳಿದ್ದು ಸರಳವಾದ ಸಂಗತಿ: ನೀರಿನ ತಳದಲ್ಲಿ ಕೆಸರು, ಮರಳು ಕೂತು ಪದರವಾಗುವಾಗ ಕೆಳಗಿನದು ಮೊದಲು, ಮೇಲಿನದು ಆಮೇಲೆ. ಒಂದು ಬಂಡೆಯನ್ನು ಸೀಳಿಕೊಂಡು ಇನ್ನೊಂದು ನುಗ್ಗಿದ್ದರೆ ನುಗ್ಗಿದ್ದೇ ಕಿರಿದು. ಒಂದರ ಉಂಡೆಗಲ್ಲುಗಳು ಇನ್ನೊಂದರ ಹೊಟ್ಟೆಯಲ್ಲಿದ್ದರೆ ಉಂಡೆಗಲ್ಲು ಕೊಟ್ಟದ್ದೇ ಹಿರಿದು. ಇಂಗ್ಲೆಂಡಿನಲ್ಲಿ ಕಾಲುವೆ ತೋಡುವ ಕೆಲಸಕ್ಕೆ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್, ಪದರದಿಂದ ಪದರಕ್ಕೆ ಪಳೆಯುಳಿಕೆಗಳು ಬದಲಾಗುವುದನ್ನೂ ಆ ಬದಲಾವಣೆಯ ಕ್ರಮ ಊರೂರಿಗೆ ಒಂದೇ ಆಗಿರುವುದನ್ನೂ ಗಮನಿಸಿ, 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಭೂವೈಜ್ಞಾನಿಕ ನಕ್ಷೆಯನ್ನೇ ಪ್ರಕಟಿಸಿದ. ಇಲ್ಲೊಂದು ಹಳೆಯ ಆಕ್ಷೇಪಕ್ಕೆ ಉತ್ತರ ಹೇಳಿಬಿಡಬೇಕು. ಪಳೆಯುಳಿಕೆಯಿಂದ ಬಂಡೆಯ ಕಾಲ, ಬಂಡೆಯಿಂದ ಪಳೆಯುಳಿಕೆಯ ಕಾಲ, ಇದು ಸುತ್ತುಬಳಸಿನ ವಾದ, ಜೀವವಿಕಾಸವನ್ನು ಮೊದಲೇ ನಂಬಿಕೊಂಡವರು ಕಟ್ಟಿದ ಕ್ರಮ ಎಂದು ಆಕ್ಷೇಪಿಸುವವರು ಹೇಳುತ್ತಾರೆ. ಆದರೆ ಕೇಂಬ್ರಿಯನ್, ಸೈಲೂರಿಯನ್, ಡೆವೋನಿಯನ್ ಎಂಬ ಯುಗಗಳ ಹೆಸರು 1830ರ ದಶಕದಲ್ಲೇ ಚಾಲ್ತಿಗೆ ಬಂದಿದ್ದವು. ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಕೇಂಬ್ರಿಯನ್ ಎಂದು ಹೆಸರಿಟ್ಟ ಆಡಂ ಸೆಡ್ಜ್‌ವಿಕ್ ಸ್ವತಃ ಪಾದ್ರಿ, ಡಾರ್ವಿನ್ನನ ವಾದವನ್ನು ಒಪ್ಪದೆ ಕಟುವಾಗಿ ಟೀಕಿಸಿದವನು. ಪದರಗಳ ಕ್ರಮ ಹೊಳೆದಂಡೆ, ಗಣಿ, ಕಾಲುವೆಗಳಲ್ಲಿ ಕಣ್ಣಾರೆ ಕಂಡದ್ದು. ವಿಕಾಸವಾದದ ಹಂಗು ಅದಕ್ಕಿರಲಿಲ್ಲ.

ಯುರೋಪಿನಲ್ಲಿ ಇಷ್ಟು ಚೆನ್ನಾಗಿ ನಡೆದ ಈ ವಿಧಾನ ಮೈಸೂರು ಸೀಮೆಗೆ ಬಂದಾಗ ಕೈಕೊಟ್ಟಿತು. ನಮ್ಮ ನೆಲದ ಬಹುಪಾಲು ಬಂಡೆ ಚಿಪ್ಪು, ಮೂಳೆಗಳ ಪ್ರಾಣಿಗಳು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ಓದಿಕೊಳ್ಳಲು ಅದರಲ್ಲಿ ಪಳೆಯುಳಿಕೆಗಳ ಸಾಲು ಇಲ್ಲ. ಹೀಗಾಗಿ ಇಲ್ಲೊಂದು ದೀರ್ಘ ಜಗಳ ಹುಟ್ಟಿತು. ಧಾರವಾಡ ಶಿಸ್ಟ್ ಎಂದು ಕರೆಯುವ, ಚಿತ್ರದುರ್ಗ, ಶಿವಮೊಗ್ಗ, ಬಾಬಾಬುಡನ್‌ಗಿರಿಯ ಉದ್ದಕ್ಕೂ ಹಬ್ಬಿರುವ ಬಂಡೆಗಳು ಹಳೆಯವೋ, ಅವುಗಳ ಸುತ್ತ ಹರಡಿರುವ ಬೂದುಬಣ್ಣದ, ಪಟ್ಟೆಪಟ್ಟೆಯ ನೈಸ್ ಬಂಡೆ ಹಳೆಯದೋ? ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ನಿರ್ದೇಶಕ ರಾಬರ್ಟ್ ಬ್ರೂಸ್ ಫೂಟ್, ನೈಸ್ ತಳಪಾಯ, ಶಿಸ್ಟ್ ಅದರ ಮೇಲೆ ಕೂತದ್ದು ಎಂದು ತಿಳಿದಿದ್ದ. ಅವನ ನಂತರ ಇಲಾಖೆಯನ್ನು ನಡೆಸಿದ ಡಬ್ಲ್ಯು.ಎಫ್. ಸ್ಮೀತ್, 1916ರ ತನ್ನ ವಿವರಣೆಯಲ್ಲಿ ಇದನ್ನು ತಲೆಕೆಳಗು ಮಾಡಿ, ಶಿಸ್ಟೇ ಹಳೆಯದು, ನೈಸ್ ಕರಗಿದ ಶಿಲಾಪಾಕವಾಗಿ ಆಮೇಲೆ ಅದರೊಳಗೆ ನುಗ್ಗಿತು ಎಂದ. ಇಬ್ಬರ ಬಳಿಯೂ ಬಂಡೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಪುರಾವೆ ಇತ್ತು. ಕೆಲವು ಕಡೆ ನೈಸ್ ಶಿಸ್ಟನ್ನು ಸೀಳಿಕೊಂಡು ಹೋಗಿರುವುದು ನಿಜ. ತರೀಕೆರೆ ಸೀಮೆಯ ಕಲ್ದುರ್ಗದಲ್ಲಿ ಧಾರವಾಡ ಬಂಡೆಯೊಳಗೆ ನೈಸ್ ಮತ್ತು ಗ್ರಾನೈಟಿನ ಗುಂಡುಕಲ್ಲುಗಳು ಹುದುಗಿ ಕೂತಿರುವುದೂ ಅಷ್ಟೇ ನಿಜ. ಹೊಳೆಯಲ್ಲಿ ಉರುಳಿ ಮೂಲೆ ಸವೆದು ನುಣುಪಾದ ಆ ಕಲ್ಲುಗಳು, ತಾವಿರುವ ಬಂಡೆ ಹುಟ್ಟುವ ಮೊದಲೇ ನೈಸ್ ಹುಟ್ಟಿ, ಮೇಲೆದ್ದು, ಸವೆದಿತ್ತು ಎಂದು ಸಾರುತ್ತವೆ. ಹಾಗಾದರೆ ಯಾರು ಸರಿ? ಹಿಂದು ಮುಂದಿನ ಲೆಕ್ಕವೊಂದರಿಂದಲೇ ಇದು ಬಗೆಹರಿಯಲಿಲ್ಲ. ವರ್ಷಗಳ ಲೆಕ್ಕ ಬೇಕಾಯಿತು.

ವರ್ಷಗಳ ಲೆಕ್ಕಕ್ಕೆ ಮೊದಲು ಕೈಹಾಕಿದ ದೊಡ್ಡವರು ಎಡವಿದ್ದರು. 1862ರಲ್ಲಿ ಲಾರ್ಡ್ ಕೆಲ್ವಿನ್, ಕುದಿಯುತ್ತಿದ್ದ ಭೂಮಿ ಈಗಿನ ಸ್ಥಿತಿಗೆ ತಣಿಯಲು 2 ಕೋಟಿಯಿಂದ 40 ಕೋಟಿ ವರ್ಷ ಬೇಕು ಎಂದು ಗಣಿತ ಮಾಡಿದ. ಬರುಬರುತ್ತಾ 4 ಕೋಟಿಯೊಳಗೆ ಎಂದು ಬಿಗಿ ಮಾಡಿದ. ಭೂಮಿಯ ಒಡಲು ನಿಧಾನವಾಗಿ ಕದಲುತ್ತಾ ಶಾಖವನ್ನು ಮೇಲಕ್ಕೆ ಸಾಗಿಸುತ್ತದೆ ಎಂಬುದು ಅವನ ಲೆಕ್ಕದಲ್ಲಿರಲಿಲ್ಲ. 1896ರಲ್ಲಿ ಬೆಕೆರೆಲ್ ಕಂಡ ವಿಕಿರಣಶೀಲತೆ ದಾರಿಯನ್ನೇ ಬದಲಿಸಿತು. ಯುರೇನಿಯಂ ತಾನೇ ತಾನಾಗಿ ಸಿಡಿದು ಹಲವು ಮೆಟ್ಟಿಲಿಳಿದು ಸೀಸವಾಗುತ್ತದೆ. ಯಾವ ಪರಮಾಣು ಯಾವಾಗ ಸಿಡಿಯುತ್ತದೆಂದು ಹೇಳಲಾಗದು, ಆದರೆ ಕೋಟ್ಯಂತರ ಪರಮಾಣುಗಳಲ್ಲಿ ಅರ್ಧದಷ್ಟು ಮುಗಿಯಲು ಎಷ್ಟು ಕಾಲ ಬೇಕೆಂದು ಅಳೆದು ಹೇಳಬಹುದು. ಅದೇ ಅರ್ಧಾಯು. 1911ರಲ್ಲಿ, ಇನ್ನೂ 21ರ ಹರೆಯದ ಆರ್ಥರ್ ಹೋಮ್ಸ್ ನಾರ್ವೆಯ ಒಂದು ಡೆವೋನಿಯನ್ ಬಂಡೆಯಲ್ಲಿನ ಯುರೇನಿಯಂ ಮತ್ತು ಸೀಸವನ್ನು ತೂಗಿ 37 ಕೋಟಿ ವರ್ಷ ಎಂದ. ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಾದ ಐಸೊಟೋಪುಗಳೇ ಗೊತ್ತಿಲ್ಲದ ಕಾಲದ ಆ ಲೆಕ್ಕ ಅಷ್ಟು ಹತ್ತಿರ ಬಂದದ್ದು ಈಗಲೂ ಬೆರಗು ಹುಟ್ಟಿಸುತ್ತದೆ: ಡೆವೋನಿಯನ್ ಯುಗ ಸುಮಾರು 42 ಕೋಟಿಯಿಂದ 36 ಕೋಟಿ ವರ್ಷಗಳ ಹಿಂದಿನದು ಎಂದು ಇಂದಿನ ಅಳತೆ ಹೇಳುತ್ತದೆ.

ಇಂದು ಈ ಕೆಲಸಕ್ಕೆ ಭೂವಿಜ್ಞಾನಿಗಳು ಅತಿಹೆಚ್ಚು ನೆಚ್ಚಿಕೊಳ್ಳುವುದು ಜಿರ್ಕಾನ್ ಎಂಬ ಹರಳನ್ನು. ಗ್ರಾನೈಟಿನ ತುಂಡನ್ನು ಪುಡಿಮಾಡಿ, ಭಾರದ ದ್ರವದಲ್ಲಿ ಮುಳುಗಿಸಿ, ಆಯಸ್ಕಾಂತಕ್ಕೆ ಒಡ್ಡಿ ಬೇರ್ಪಡಿಸಿದರೆ ಕೊನೆಗೆ ಉಳಿಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಕೆಲವು ಕಾಳುಗಳು. ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಒಂದೊಂದಾಗಿ ಆರಿಸಿ, ಅಂಟಿನಲ್ಲಿ ಕೂರಿಸಿ, ಅರ್ಧಕ್ಕೆ ತೇಯುತ್ತಾರೆ. ಒಳಗೆ ಮರದ ಉಂಗುರಗಳಂತೆ ಬೆಳವಣಿಗೆಯ ಸುತ್ತುಗಳು ಕಾಣುತ್ತವೆ. ಬೇಕಾದ ಸುತ್ತಿಗೇ ಅಯಾನುಗಳ ಕಿರಣವನ್ನು ಗುರಿಯಿಟ್ಟು, ಅಲ್ಲಿಂದ ಚಿಮ್ಮಿದ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತಾರೆ. ಜಿರ್ಕಾನಿನ ಗುಣ ಈ ಕೆಲಸಕ್ಕೆಂದೇ ಹೇಳಿ ಮಾಡಿಸಿದಂತಿದೆ: ಬೆಳೆಯುವಾಗ ಅದರ ಜಾಲರಿಯೊಳಕ್ಕೆ ಯುರೇನಿಯಂ ಸಲೀಸಾಗಿ ಸೇರುತ್ತದೆ, ಸೀಸ ಸೇರುವುದೇ ಇಲ್ಲ ಎನ್ನಬಹುದು. ಆದ್ದರಿಂದ ಈಗ ಒಳಗೆ ಕಾಣುವ ಸೀಸ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಹುಟ್ಟಿದ್ದು. ಎಣಿಕೆ ಶುರುವಾಗುವುದು ಹರಳು ಗಟ್ಟಿಯಾದ ಗಳಿಗೆಯಿಂದ. ಅದರೊಳಗಿನ ಪರಮಾಣುಗಳು ಎಂದು ಹುಟ್ಟಿದವು ಎಂಬುದು ಬೇರೆಯೇ ಮಾತು.

ಈ ಹರಳಿನಲ್ಲಿ ಒಂದಲ್ಲ, ಎರಡು ಗಡಿಯಾರಗಳಿವೆ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಅದು ಸೀಸ-206 ಆಗುತ್ತದೆ. ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ, ಅದು ಸೀಸ-207 ಆಗುತ್ತದೆ. ರಾಮನಗರದ ಬೆಟ್ಟಗಳು ಸೇರಿದ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು 250 ಕೋಟಿ ವರ್ಷದ ಆಸುಪಾಸು. ಸರಿಯಾಗಿ 250 ಕೋಟಿ ವರ್ಷ ಕಳೆದಿದ್ದರೆ ಜಿರ್ಕಾನಿನಲ್ಲಿ ಏನು ಕಾಣಬೇಕು? ಯುರೇನಿಯಂ-238ರ 100 ಪರಮಾಣು ಉಳಿದಿರುವ ಕಡೆ ಸೀಸ-206ರ 47 ಇರಬೇಕು. ಯುರೇನಿಯಂ-235ರ ಒಂದು ಪರಮಾಣು ಉಳಿದಿರುವ ಕಡೆ ಸೀಸ-207ರ ಹೆಚ್ಚುಕಡಿಮೆ 11 ಇರಬೇಕು. ಎರಡು ಅನುಪಾತಗಳೂ ಬೇರೆ ಬೇರೆ, ಎರಡೂ ಸೇರಿ ಒಂದೇ ವಯಸ್ಸನ್ನು ಹೇಳಬೇಕು. ಹೇಳಿದರೆ ಆ ಕಾಳು ನಂಬಿಕೆಗೆ ಅರ್ಹ. ಬಿಸಿಗೋ ನೀರಿಗೋ ಸಿಕ್ಕಿ ಸೀಸ ಸೋರಿಹೋಗಿದ್ದರೆ? ಸೋರುವಾಗ ಸೀಸದ ಎರಡೂ ಐಸೊಟೋಪುಗಳು ಒಂದೇ ಪ್ರಮಾಣದಲ್ಲಿ ಸೋರುತ್ತವೆ, ಎರಡರ ರಸಾಯನ ಗುಣ ಒಂದೇ. ಆಗ ಎರಡು ಲೆಕ್ಕಗಳು ಎರಡು ವಯಸ್ಸು ಹೇಳಿ ಸೋರಿಕೆಯನ್ನು ಬಯಲು ಮಾಡುತ್ತವೆ. 1956ರಲ್ಲಿ ಜಾರ್ಜ್ ವೆದರಿಲ್ ತೋರಿಸಿಕೊಟ್ಟಂತೆ, ಒಂದೇ ಬಂಡೆಯ ಹಲವು ಸೋರಿದ ಕಾಳುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅವು ಸರಳರೇಖೆಯಲ್ಲಿ ನಿಲ್ಲುತ್ತವೆ. ರೇಖೆಯ ಒಂದು ತುದಿ ಹರಳು ಹುಟ್ಟಿದ ಕಾಲವನ್ನೂ ಇನ್ನೊಂದು ಅದು ಕೆಟ್ಟ ಕಾಲವನ್ನೂ ಸೂಚಿಸುತ್ತದೆ. ಕೆಟ್ಟ ಹರಳಿನಿಂದಲೂ ಸತ್ಯ ಹೊರಡಿಸುವ ಈ ಉಪಾಯ, ನನ್ನ ಮಟ್ಟಿಗೆ, ಇಪ್ಪತ್ತನೇ ಶತಮಾನದ ಭೂವಿಜ್ಞಾನದ ಅತ್ಯಂತ ಸೊಗಸಾದ ಸಾಧನೆಗಳಲ್ಲಿ ಒಂದು.

ಫೂಟ್ ಮತ್ತು ಸ್ಮೀತ್ ಜಗಳ ತೀರ್ಮಾನವಾದದ್ದೂ ಇಂಥ ಅಳತೆಗಳಿಂದಲೇ. ನೈಸ್ ಎಂಬುದು ಒಂದೇ ಬಂಡೆಯಲ್ಲ. ಅದರ ಹಳೆಯ ಭಾಗಗಳು, ಹಾಸನ ಜಿಲ್ಲೆಯ ಗೊರೂರಿನ ಕಡೆಯವು, 330 ಕೋಟಿ ವರ್ಷಕ್ಕೂ ಮೀರಿದವು, ಬಹುಪಾಲು 300 ಕೋಟಿಯ ಹಿಂದುಮುಂದಿನದು. ಶಿಸ್ಟ್ ಕೂಡ ಒಂದೇ ಅಲ್ಲ. ಸರಗೂರು ಗುಂಪಿನ ಬಂಡೆಗಳು 300 ಕೋಟಿ ವರ್ಷಕ್ಕಿಂತ ಹಳೆಯವು, ನೈಸ್ ನುಗ್ಗಿದ್ದು ಅಂಥವುಗಳೊಳಗೆ. ಬಾಬಾಬುಡನ್, ಚಿತ್ರದುರ್ಗದವು ಸ್ಥೂಲವಾಗಿ 290ರಿಂದ 260 ಕೋಟಿ ವರ್ಷದವು, ನೈಸಿನ ಮೇಲೆ ಕೂತವು. ಒಂದು ಹೆಸರಿನ ಕೆಳಗೆ ಎರಡು ಕಾಲದ ಬಂಡೆಗಳನ್ನು ಸೇರಿಸಿದ್ದರಿಂದ ಇಬ್ಬರೂ ಅರ್ಧ ಸರಿಯಾಗಿದ್ದರು. ಇಲ್ಲಿ ಗಮನಿಸಬೇಕಾದದ್ದೊಂದಿದೆ: ಕಲ್ದುರ್ಗದ ಗುಂಡುಕಲ್ಲು ಹೇಳಿದ ಕ್ರಮವನ್ನೇ ಪರಮಾಣುಗಳ ಎಣಿಕೆಯೂ ಹೇಳಿತು. ಗುಂಡುಕಲ್ಲಿಗೆ ಯುರೇನಿಯಮ್ಮಿನ ಸುದ್ದಿ ಗೊತ್ತಿರಲಿಲ್ಲ.

ಈಗ ಎಲ್ಲಕ್ಕಿಂತ ಹರಿತವಾದ ಆಕ್ಷೇಪಕ್ಕೆ ಬರೋಣ. ಯುರೇನಿಯಂ ಇಂದು ಈ ವೇಗದಲ್ಲಿ ಸಿಡಿಯುತ್ತದೆ ಸರಿ, ಹಿಂದೆಯೂ ಹಾಗೇ ಸಿಡಿಯುತ್ತಿತ್ತು ಎಂಬುದಕ್ಕೆ ಏನು ಖಾತರಿ? ಎರಡು ಗಡಿಯಾರಗಳೂ ಒಟ್ಟಿಗೇ ಹತ್ತು ಪಟ್ಟು ವೇಗವಾಗಿ ಓಡಿದ್ದರೆ ಅವುಗಳ ನಡುವಿನ ಹೊಂದಾಣಿಕೆ ಕೆಡುವುದಿಲ್ಲ, ವಯಸ್ಸು ಮಾತ್ರ ಸುಳ್ಳಾಗುತ್ತದೆ. ಇದನ್ನು ತಳ್ಳಿಹಾಕಲು ಬರುವುದಿಲ್ಲ. ಕೆಲವು ಪರಮಾಣುಗಳ ವೇಗ ಬದಲಾಗುವುದೂ ಉಂಟು: ಎಲೆಕ್ಟ್ರಾನುಗಳನ್ನೆಲ್ಲ ಕಿತ್ತು ಬೆತ್ತಲೆ ಮಾಡಿದ ರೀನಿಯಂ-187, ನಾಲ್ಕು ಸಾವಿರ ಕೋಟಿ ವರ್ಷಕ್ಕೂ ಮೀರಿದ ತನ್ನ ಅರ್ಧಾಯುವನ್ನು ಕೆಲವೇ ದಶಕಗಳಿಗೆ ಇಳಿಸಿಕೊಳ್ಳುತ್ತದೆ. ಆದರೆ ಆ ಸ್ಥಿತಿ ನಕ್ಷತ್ರದ ಒಡಲಲ್ಲಿ ಸಾಧ್ಯ, ಬಂಡೆಯೊಳಗಲ್ಲ. ಬಂಡೆಗೆ ಸಂಬಂಧಿಸಿದ ಮಟ್ಟಿಗೆ ಪುರಾವೆ ಹಲವು ಕಡೆಯಿಂದ ಬರುತ್ತದೆ. 1987ರಲ್ಲಿ ಕಂಡ ಸೂಪರ್‌ನೋವಾದ ಬೆಳಕು ಸುಮಾರು 1.68 ಲಕ್ಷ ವರ್ಷ ಪಯಣಿಸಿ ಬಂದದ್ದು. ಅದು ಮಂಕಾದ ಬಗೆ, ಇಲ್ಲಿ ಪ್ರಯೋಗಾಲಯದಲ್ಲಿ 77 ದಿನಗಳ ಅರ್ಧಾಯುವಿರುವ ಕೋಬಾಲ್ಟ್-56ರ ಲೆಕ್ಕಕ್ಕೆ ಸರಿಹೊಂದಿತು. ಆಫ್ರಿಕದ ಗ್ಯಾಬನ್ ದೇಶದ ಒಕ್ಲೊದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗೇ ಪರಮಾಣು ರಿಯಾಕ್ಟರ್ ತಾನಾಗಿ ಹೊತ್ತಿಕೊಂಡು ಉರಿದಿತ್ತು. 1972ರಲ್ಲಿ ಪತ್ತೆಯಾದ ಅದರ ಬೂದಿಯನ್ನು ಪರೀಕ್ಷಿಸಿದಾಗ, ಪರಮಾಣು ಬೀಜವನ್ನು ಹಿಡಿದಿಡುವ ಬಲಗಳು ಅಂದೂ ಇಂದಿನಂತೆಯೇ ಇದ್ದವು ಎಂದು ತಿಳಿಯಿತು. ಇನ್ನು, ಕೋಟ್ಯಂತರ ವರ್ಷಗಳ ಸಿಡಿತವನ್ನು ಕೆಲವು ಸಾವಿರ ವರ್ಷಗಳಿಗೆ ಅಡಕ ಮಾಡಿದರೆ ಹೊರಡುವ ಶಾಖಕ್ಕೆ ಭೂಮಿ ಕರಗಿಹೋಗಬೇಕಿತ್ತು.

ಇಷ್ಟರಿಂದ ತೃಪ್ತಿಯಾಗದವರಿಗೆ ಪರಮಾಣುವಿನ ಗೊಡವೆಯೇ ಇಲ್ಲದ ಸಾಕ್ಷಿ ಬೇಕು. ಅದೂ ಇದೆ, ಸಮುದ್ರದ ಹವಳದಲ್ಲಿ. ಹವಳದ ಮೈಮೇಲೆ ದಿನಕ್ಕೊಂದರಂತೆ ನವಿರಾದ ಗೆರೆ, ವರ್ಷಕ್ಕೊಂದರಂತೆ ದಪ್ಪ ಪಟ್ಟೆ ಮೂಡುತ್ತದೆ. 1963ರಲ್ಲಿ ಅಮೆರಿಕದ ಜಾನ್ ವೆಲ್ಸ್ ಡೆವೋನಿಯನ್ ಯುಗದ ಹವಳಗಳ ಪಳೆಯುಳಿಕೆಗಳಲ್ಲಿ ಈ ಗೆರೆಗಳನ್ನು ಎಣಿಸಿದ. ಒಂದು ವರ್ಷದ ಪಟ್ಟೆಯಲ್ಲಿ ಸುಮಾರು 400 ದಿನದ ಗೆರೆಗಳು ಸಿಕ್ಕವು. ಏಕೆ? ಚಂದ್ರನಿಂದ ಏಳುವ ಉಬ್ಬರವಿಳಿತದ ಘರ್ಷಣೆ ಭೂಮಿಯ ತಿರುಗಾಟವನ್ನು ನಿಧಾನಗೊಳಿಸುತ್ತಿದೆ, ಶತಮಾನಕ್ಕೆ ಒಂದು ದಿನ ಸುಮಾರು 2 ಮಿಲಿಸೆಕೆಂಡು ಉದ್ದವಾಗುತ್ತಿದೆ. ಖಗೋಳಶಾಸ್ತ್ರದ ಈ ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ, ವರ್ಷಕ್ಕೆ 400 ದಿನಗಳಿದ್ದ ಕಾಲ ಬರುವುದು ಇಂದಿಗೆ ಸುಮಾರು 40 ಕೋಟಿ ವರ್ಷ ಹಿಂದೆ. ಹೋಮ್ಸ್ ಸೀಸ ತೂಗಿ ಹೇಳಿದ್ದು ಅದೇ ಯುಗದ ಬಂಡೆಯ ವಯಸ್ಸನ್ನು. ಹವಳ, ಚಂದ್ರ, ಸೀಸ ಮೂರೂ ಒಂದೇ ತಪ್ಪನ್ನು ಒಂದೇ ಪ್ರಮಾಣದಲ್ಲಿ ಮಾಡಿದವು ಎನ್ನುವುದಾದರೆ, ಅದಕ್ಕೊಂದು ಕಾರಣವನ್ನು ಆಕ್ಷೇಪಿಸುವವರು ಕೊಡಬೇಕಾಗುತ್ತದೆ.

ಸಾಕ್ಷಿಗಳು ಕಂಡ ಘಟನೆಯನ್ನೇ ಅಳೆದು ನೋಡಿದ್ದೂ ಇದೆ. ಇಟಲಿಯ ವೆಸೂವಿಯಸ್ ಕ್ರಿ.ಶ. 79ರಲ್ಲಿ ಸಿಡಿದು ಪಾಂಪೆಯನ್ನು ಹೂತದ್ದು ಇತಿಹಾಸದಲ್ಲಿ ದಾಖಲಾಗಿದೆ. ಪೊಟ್ಯಾಸಿಯಂ-40 ಆರ್ಗಾನ್ ಅನಿಲವಾಗುವುದನ್ನು ಆಧರಿಸಿದ ವಿಧಾನದಿಂದ ಪಾಲ್ ರೆನ್ ಮತ್ತು ಸಂಗಡಿಗರು 1997ರಲ್ಲಿ ಆ ಸಿಡಿತದ ಹರಳುಗಳನ್ನು ಅಳೆದಾಗ 1925 ವರ್ಷ, ಆಚೀಚೆ 94 ವರ್ಷ ಎಂದು ಬಂತು. ನಿಜವಾಗಿ ಕಳೆದಿದ್ದು 1918 ವರ್ಷ. 125 ಕೋಟಿ ವರ್ಷದ ಅರ್ಧಾಯುವಿನ ಗಡಿಯಾರ ಎರಡು ಸಾವಿರ ವರ್ಷವನ್ನು ಇಷ್ಟು ಹತ್ತಿರದಿಂದ ಹಿಡಿಯಿತು. ಇದೇ ವಿಧಾನ ಎಡವಿದ ಉದಾಹರಣೆಯನ್ನು ಆಕ್ಷೇಪಿಸುವವರು ಆಗಾಗ ಎತ್ತುತ್ತಾರೆ: ಹವಾಯಿಯಲ್ಲಿ 1800-01ರಲ್ಲಿ ಹರಿದ ಲಾವಾದ ಕಲ್ಲುಗಳಿಗೆ ಕೋಟ್ಯಂತರ ವರ್ಷದ ವಯಸ್ಸು ಬಂದದ್ದು. ಅಲ್ಲಿ ಅಳೆದದ್ದು, ಲಾವಾ ಆಳದಿಂದ ಹೊತ್ತುತಂದ, ಪೂರ್ತಿ ಕರಗದ ಹಳೆಯ ಕಲ್ಲುಚೂರುಗಳನ್ನು. ಅವುಗಳಲ್ಲಿ ಹಳೆಯ ಆರ್ಗಾನ್ ಉಳಿದಿರುತ್ತದೆಂದು ತೋರಿಸುವುದೇ ಆ ಅಧ್ಯಯನದ ತಿರುಳಾಗಿತ್ತು. ಯಾವ ಕಲ್ಲನ್ನು ಆರಿಸಬಾರದು ಎಂಬ ತಿಳಿವಳಿಕೆ ಬಂದದ್ದು ಅಂಥ ಕೆಲಸದಿಂದ.

ಪಳೆಯುಳಿಕೆಯ ವಿಷಯಕ್ಕೆ ಬಂದರೆ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ: ಡೈನೋಸಾರ್ ಮೂಳೆಯನ್ನು ಕಾರ್ಬನ್ ಪರೀಕ್ಷೆ ಮಾಡಿ ವಯಸ್ಸು ಹೇಳುತ್ತಾರೆ ಎಂಬುದು. ಕಾರ್ಬನ್-14ರ ಅರ್ಧಾಯು 5730 ವರ್ಷ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಹಳೆಯ ಪಳೆಯುಳಿಕೆಗೆ ನೇರವಾಗಿ ವಯಸ್ಸು ಹೇಳುವುದು ಅಪರೂಪ. ಅದರ ಮೇಲೂ ಕೆಳಗೂ ಬಿದ್ದ ಜ್ವಾಲಾಮುಖಿಯ ಬೂದಿಯ ಪದರ ಹುಡುಕಿ, ಅವುಗಳ ವಯಸ್ಸು ಅಳೆದು, ಮೂಳೆ ಈ ಎರಡರ ನಡುವಿನದು ಎನ್ನುತ್ತಾರೆ. ಹೀಗಾಗಿ ಬೂದಿಯ ಅಳತೆ ಕೆಟ್ಟರೆ ಮೂಳೆಯ ವಯಸ್ಸೂ ಕೆಡುತ್ತದೆ. ಕೆನ್ಯಾದ ತುರ್ಕಾನಾ ಸರೋವರದ ದಂಡೆಯ ಕೂಬಿ ಫೋರಾದಲ್ಲಿ ಹಾಗೇ ಆಯಿತು. ಅಲ್ಲಿನ ಕೆಬಿಎಸ್ ಎಂಬ ಬೂದಿ ಪದರದ ಮೊದಲ ಮಾದರಿಗೆ 20 ಕೋಟಿ ವರ್ಷಕ್ಕೂ ಮೀರಿದ ವಯಸ್ಸು ಬಂತು; ಹೊಳೆ ತಂದು ಬೆರೆಸಿದ ಹಳೆಯ ಕಲ್ಲಿನ ಕಣಗಳು ಅದರಲ್ಲಿದ್ದವು. ಹರಳುಗಳನ್ನು ಆರಿಸಿ ಮತ್ತೆ ಅಳೆದಾಗ 26.1 ಲಕ್ಷ ವರ್ಷ ಎಂದಾಯಿತು. 1972ರಲ್ಲಿ ಆ ಪದರದ ಕೆಳಗೆ 1470 ಎಂಬ ಸಂಖ್ಯೆಯ, ದೊಡ್ಡ ಮಿದುಳಿನ ಮಾನವ ಪೂರ್ವಜನ ತಲೆಬುರುಡೆ ಸಿಕ್ಕಾಗ, ನಮ್ಮ ಕುಲ ಎಣಿಸಿದ್ದಕ್ಕಿಂತ ಬಹಳ ಹಳೆಯದು ಎಂಬ ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ಇದನ್ನು ಪ್ರಶ್ನಿಸಿದ್ದು ಹಂದಿಗಳು. ಇಥಿಯೋಪಿಯಾದ ಓಮೊ ಕಣಿವೆಯಲ್ಲಿ ಹಂದಿಗಳ ಹಲ್ಲು ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬ ಸಾಲು ಸಿದ್ಧವಾಗಿತ್ತು. ಬೇಸಿಲ್ ಕುಕ್ ಅದನ್ನು ಕೂಬಿ ಫೋರಾದ ಹಂದಿ ಹಲ್ಲುಗಳೊಂದಿಗೆ ಹೋಲಿಸಿದಾಗ, 26 ಲಕ್ಷ ಹೊಂದಲಿಲ್ಲ. 20 ಲಕ್ಷದ ಆಸುಪಾಸು ಎಂದೇ ಹೊಂದುತ್ತಿತ್ತು. ವರ್ಷಗಟ್ಟಲೆ ಕಾವೇರಿದ ವಾದ ನಡೆಯಿತು. 1980ರಲ್ಲಿ ಇಯಾನ್ ಮೆಕ್‌ಡೂಗಲ್ ಆರ್ಗಾನ್ ವಿಧಾನದಿಂದಲೂ, ಆಂಡ್ರ್ಯೂ ಗ್ಲೀಡೋ ಯುರೇನಿಯಂ ಸಿಡಿದು ಹರಳಿನಲ್ಲಿ ಉಳಿಸುವ ಗಾಯದ ಗೆರೆಗಳನ್ನು ಎಣಿಸಿಯೂ ಹೇಳಿದ ವಯಸ್ಸು 19 ಲಕ್ಷ ವರ್ಷಕ್ಕೆ ತುಸು ಕಡಿಮೆ. ಹಂದಿಯ ಹಲ್ಲು ಪ್ರಯೋಗಾಲಯವನ್ನು ತಿದ್ದಿತು, ಪ್ರಯೋಗಾಲಯ ತಿದ್ದಿಕೊಂಡಿತು. ಸುತ್ತುಬಳಸಿನ ವಾದವಾಗಿದ್ದರೆ ಹಂದಿಯೂ ಬೂದಿಯೂ ಜಗಳವಾಡುವ ಸಂದರ್ಭವೇ ಬರುತ್ತಿರಲಿಲ್ಲ.

ನಮಗೆ ಹತ್ತಿರದ ಇನ್ನೊಂದು ಉದಾಹರಣೆ ಡೆಕ್ಕನ್ ಟ್ರ್ಯಾಪ್. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳವರೆಗೂ ಚಾಚಿರುವ ಈ ಕಪ್ಪು ಬಸಾಲ್ಟ್ ಡೈನೋಸಾರ್‌ಗಳು ಅಳಿದ ಕಾಲದಲ್ಲೇ ಉಕ್ಕಿ ಹರಿದದ್ದು ಎಂದು ಬಹುಕಾಲದಿಂದ ತಿಳಿದಿತ್ತು; ಎಷ್ಟು ನಿಖರವಾಗಿ ಎಂಬುದೇ ಪ್ರಶ್ನೆ. 2019ರಲ್ಲಿ ಎರಡು ತಂಡಗಳು ಒಟ್ಟಿಗೇ ಉತ್ತರ ಪ್ರಕಟಿಸಿದವು. ಬ್ಲೇರ್ ಶೋಯೆನ್ ತಂಡ ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಕೆಂಪು ಮಣ್ಣಿನ ಪದರಗಳಲ್ಲಿ ಜಿರ್ಕಾನ್ ಹುಡುಕಿ ಸೀಸ ಎಣಿಸಿತು. ಕೋರ್ಟ್ನಿ ಸ್ಪ್ರೇನ್ ತಂಡ ಲಾವಾದಲ್ಲೇ ಆರ್ಗಾನ್ ಅಳೆಯಿತು. ಲಾವಾದ ಬಹುಪಾಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಹತ್ತು ಲಕ್ಷ ವರ್ಷದೊಳಗೆ ಹರಿದು ಮುಗಿಯಿತು ಎಂಬಲ್ಲಿ ಇಬ್ಬರೂ ಒಂದಾದರು. ಹರಿವು ಬಿಟ್ಟು ಬಿಟ್ಟು ನಾಲ್ಕು ಅಲೆಗಳಾಗಿ ಬಂತೋ, ಒಂದೇ ಸಮನೆ ಬಂತೋ ಎಂಬಲ್ಲಿ ಬೇರೆಯಾದರು. ಆ ಭಿನ್ನಾಭಿಪ್ರಾಯ ದೊಡ್ಡದೇ, ಮೆಕ್ಸಿಕೊದಲ್ಲಿ ಅಪ್ಪಳಿಸಿದ ಆಕಾಶಕಾಯಕ್ಕೂ ನಮ್ಮ ಲಾವಾಕ್ಕೂ ಡೈನೋಸಾರ್‌ಗಳ ಅಳಿವಿನಲ್ಲಿ ಪಾಲೆಷ್ಟು ಎಂಬುದು ಅದರ ಮೇಲೆ ನಿಂತಿದೆ. ಆದರೆ ಅದು 6.6 ಕೋಟಿ ವರ್ಷದಲ್ಲಿ ಕೆಲವು ಹತ್ತು ಸಾವಿರ ವರ್ಷಗಳ ವ್ಯತ್ಯಾಸದ ಮಾತು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಎಂದು ಹೇಳುವ ಮುನ್ನ ಆ ಒಮ್ಮತವಿಲ್ಲದ ಜಾಗ ಎಷ್ಟು ಕಿರಿದು ಎಂದು ನೋಡುವುದು ಒಳ್ಳೆಯದು.

ಹಾಗೆಂದು ಹರಳೊಂದಿದ್ದರೆ ಸಾಕು ಎಂದಲ್ಲ. ಕೆಬಿಎಸ್ ಬೂದಿಯ ಕಥೆಯಲ್ಲೂ, ಧಾರವಾಡ ಬಂಡೆಯ ಜಗಳದಲ್ಲೂ ಎಣಿಕೆಯನ್ನು ಅರ್ಥಪೂರ್ಣಗೊಳಿಸಿದ್ದು ಯಾವುದು ಯಾವುದರ ಮೇಲೆ ಕೂತಿದೆ, ಯಾವುದು ಯಾವುದನ್ನು ಸೀಳಿದೆ ಎಂಬ ನೆಲದ ಮೇಲಿನ ಸಂಬಂಧ. ಜಲ್ಲಿ ಕ್ರಷರಿಗೆ ಹೋದ ಬಂಡೆಯಿಂದಲೂ ಜಿರ್ಕಾನ್ ತೆಗೆಯಬಹುದು, ಆ ಸಂಬಂಧವನ್ನು ಮರಳಿ ಪಡೆಯಲಾಗದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಲಾಲ್‌ಬಾಗಿನ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ ಮತ್ತು ಕೋಲಾರದ ದಿಂಬುಲಾವಾಗಳು ಸೇರಿವೆ. 300 ಕೋಟಿ ವರ್ಷಗಳ ಚರಿತ್ರೆಯಿರುವ ನಾಡಿಗೆ ಈ ಪಟ್ಟಿ ತೀರಾ ಚಿಕ್ಕದು. ಕಲ್ದುರ್ಗದಂಥ, ಎರಡು ಕಾಲಗಳು ಮುಖಾಮುಖಿ ಕೂತಿರುವ ಬಂಡೆಗಳನ್ನು ಗುರುತಿಸಿ, ಕಲ್ಲುಗಣಿಗೆ ಪರವಾನಗಿ ಕೊಡುವ ಮೊದಲೇ ಅವಕ್ಕೆ ರಕ್ಷಣೆ ಕೊಡುವ ಕೆಲಸವನ್ನು ಸರ್ಕಾರವೂ ಜಿಲ್ಲಾಡಳಿತಗಳೂ ಕೂಡಲೇ ಕೈಗೆತ್ತಿಕೊಳ್ಳಬೇಕು.